ಹಳ್ಳ ದಾಟುವ ಜೀಪು ಮತ್ತು ನಾನು ಕೊಟ್ಟ ಅರ್ಧ ಉತ್ತರ

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕದಲ್ಲಿ ದ್ರವಗಳ ಒತ್ತಡ ನನ್ನ ಬೋಧನಾಭ್ಯಾಸದ ಆರನೇ ಪಾಠವಾಗಿತ್ತು. ಶಾಲೆ ಇದ್ದುದು ಮಲೆನಾಡಿನ ಕಾಫಿ ತೋಟಗಳ ನಡುವೆ. ತೂತು ಮಾಡಿದ ಬಾಟಲಿಯಿಂದ ನೀರು ಚಿಮ್ಮಿಸಿ, ‘ಆಳ ಹೆಚ್ಚಿದಂತೆ ಒತ್ತಡ ಹೆಚ್ಚು’ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸಾರ್, ಚಿಕ್ಕಪ್ಪನ ಜೀಪು ಹಳ್ಳ ದಾಟಿದ ಮೇಲೆ ಹೌಸಿಂಗಿನ ಆಯಿಲ್ ಹಾಲು ಹಾಕಿದ ಕಾಫಿ ಥರ ಆಗಿತ್ತು. ನೀರು ಹೆಂಗೆ ಒಳಗೆ ಹೋಯ್ತು?”

ನೀರಿನ ಒತ್ತಡವೇ ಸೀಲಿನ ಸಂದಿಯಿಂದ ತಳ್ಳಿರುತ್ತದೆ ಎಂದೆ. ಪಾಠಕ್ಕೆ ಹೇಳಿ ಮಾಡಿಸಿದ ಉತ್ತರ. ಹುಡುಗ ಕೂರಲಿಲ್ಲ. “ಮನೆ ಪಕ್ಕದ ಹಳ್ಳದಲ್ಲಿ ಅಷ್ಟೇ ನೀರಲ್ಲಿ ನಿಲ್ಲಿಸಿ ತೊಳೀತೀವಲ್ಲ ಸಾರ್, ಆಗ ಯಾಕೆ ಹೋಗಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ‘ಉತ್ತರ ಅಪೂರ್ಣ’ ಎಂದು ಬರೆದರು. ಆ ಜೀಪಿನ ಬೇರಿಂಗ್ ಹೋಗಿ, ಮಳೆಗಾಲದ ಬಾಡಿಗೆಯೆಲ್ಲ ರಿಪೇರಿಗೇ ಸುರಿದರಂತೆ ಎಂದು ಆಮೇಲೆ ತಿಳಿಯಿತು.

ಭಾನುವಾರ ಪೇಟೆಯ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಜೀಪಿನಡಿ ಬಗ್ಗಿಸಿ, ಆಕ್ಸೆಲಿನ ಮೇಲೆ ಬೆರಳ ತುದಿಯಷ್ಟಿದ್ದ ಒಂದು ಮುಚ್ಚಳ ತೋರಿಸಿದರು. “ಇದೇ ಬ್ರೀದರ್, ಮೇಷ್ಟ್ರೇ. ಹೌಸಿಂಗ್ ಉಸಿರಾಡೋದು ಇದರಲ್ಲಿ.”

ಡಿಫರೆನ್ಷಿಯಲ್ ಹೌಸಿಂಗಿನೊಳಗೆ ಸ್ವಲ್ಪ ಗೇರ್ ಆಯಿಲ್, ಅದರ ಮೇಲೆ ಗಾಳಿ ಇರುತ್ತದೆ. ಜೀಪು ಓಡಿದಾಗ ಹಲ್ಲುಚಕ್ರಗಳ ಉಜ್ಜಾಟದಿಂದ ಎಲ್ಲವೂ ಬಿಸಿಯಾಗಿ ಗಾಳಿ ಹಿಗ್ಗುತ್ತದೆ. ಹೆಚ್ಚಾದದ್ದು ಬ್ರೀದರ್ ಮೂಲಕ ಹೊರಹೋಗುತ್ತದೆ. ಕೆಸರು ಮೆತ್ತಿ ಬ್ರೀದರ್ ಕಟ್ಟಿಕೊಂಡರೆ ಒತ್ತಡ ಏರಿ ಸೀಲಿನ ಬಳಿ ಆಯಿಲ್ ಒಸರುತ್ತದೆ. ಇನ್ನು ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬ್ರೀದರ್ ಮುಳುಗಿದ್ದರೆ ಒಳಬರುವುದು ನೀರೇ. ಮನೆ ಪಕ್ಕದ ಹಳ್ಳಕ್ಕೆ ಬರುವಷ್ಟರಲ್ಲಿ ಜೀಪು ಬಿಸಿಯೇ ಆಗಿರುವುದಿಲ್ಲ. ಹುಡುಗನ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಲೆಕ್ಕ ಹಾಕಿ ನೋಡಿದೆ (ಇದು ನಮಗೆ, ಎಂಟನೇ ತರಗತಿಗಲ್ಲ). ಒಳಗಿನ ಗಾಳಿ 80 ಡಿಗ್ರಿ ಸೆಲ್ಸಿಯಸ್‌ನಿಂದ 30ಕ್ಕೆ ಇಳಿಯಿತು ಎನ್ನೋಣ. ಅಂದರೆ 353 ಕೆಲ್ವಿನ್‌ನಿಂದ 303ಕ್ಕೆ. ಗಾಳಿ ಒಳಬರಲು ದಾರಿ ಇಲ್ಲದಿದ್ದರೆ ಒತ್ತಡ ಶೇ. 14ರಷ್ಟು, ಅಂದರೆ ಸುಮಾರು 14 ಕಿಲೋಪ್ಯಾಸ್ಕಲ್ ಕುಸಿಯುತ್ತದೆ. ಅರ್ಧ ಮೀಟರ್ ನೀರು ಒತ್ತುವುದು ಸುಮಾರು 5 ಕಿಲೋಪ್ಯಾಸ್ಕಲ್ ಮಾತ್ರ. ಹಳ್ಳ ದಾಟುವ ಒಂದೆರಡು ನಿಮಿಷದಲ್ಲಿ ಹೌಸಿಂಗ್ ಪೂರ್ತಿ ತಣ್ಣಗಾಗುವುದಿಲ್ಲ, ನಿಜ. ಆದರೂ ನಾನು ಆಳವನ್ನಷ್ಟೇ ಹೇಳಿ, ಅದಕ್ಕಿಂತ ದೊಡ್ಡದಾಗಬಲ್ಲ ಕಾರಣವನ್ನೇ ಬಿಟ್ಟಿದ್ದೆ.

ಪರಿಹಾರ ಸರಳ. ಮುಚ್ಚಳ ಬಿಚ್ಚಿ, ಅದೇ ಮರೆಯ ನಿಪ್ಪಲ್ ಕೂರಿಸಿ, ಆಯಿಲಿಗೆ ಕರಗದ ರಬ್ಬರ್ ಪೈಪನ್ನು ಬಾನೆಟ್ಟಿನೊಳಗೆ ಎತ್ತರದ ಜಾಗದವರೆಗೆ ಒಯ್ಯುವುದು. ತುದಿಗೆ ದೂಳು ಹೋಗದಂತೆ ಪುಟ್ಟ ಪೆಟ್ರೋಲ್ ಫಿಲ್ಟರ್ ಹಾಕುತ್ತಾರೆ. ಕೆಲಸ ಕೆಡುವುದು ಪೈಪ್ ಎಳೆಯುವುದರಲ್ಲಿ. ಗುಂಡಿಯಲ್ಲಿ ಆಕ್ಸೆಲ್ ಕೆಳಗೆ ಜಗ್ಗುವುದರಿಂದ ಪೈಪು ಸಡಿಲವಿರಬೇಕು. ಸಡಿಲವೆಂದು ನಡುವೆ ಜೋತುಬಿದ್ದರೆ ಆ ತಗ್ಗಿನಲ್ಲಿ ಆಯಿಲ್ ನಿಂತು ದಾರಿ ಮುಚ್ಚುತ್ತದೆ. ಸೈಲೆನ್ಸರಿಗೆ ತಾಗಬಾರದು. ಮುಂದಿನ ಆಕ್ಸೆಲಿಗೊಂದು, ಹಿಂದಿನದಕ್ಕೊಂದು.

ತರಗತಿಗೆ ಇದನ್ನು ಒಯ್ದದ್ದು ಎರಡು ಇಂಜೆಕ್ಷನ್ ಬಾಟಲಿಗಳಲ್ಲಿ. ರಬ್ಬರ್ ಮುಚ್ಚಳಕ್ಕೆ ತೂತು ಮಾಡಿ ಖಾಲಿ ರೀಫಿಲ್ ತುಂಡು ಸಿಕ್ಕಿಸಿದೆ. ಒಂದನ್ನು ಹಾಗೇ ಬಿಟ್ಟು, ಇನ್ನೊಂದರ ರೀಫಿಲ್ಲಿಗೆ ಉದ್ದನೆಯ ಸಲೈನ್ ಪೈಪ್ ಜೋಡಿಸಿದೆ. ಎರಡನ್ನೂ ಬಿಸಿನೀರಿನಲ್ಲಿ ಹಿಡಿದು (ರೀಫಿಲ್ಲಿನ ತುದಿ ನೀರಿನ ಮೇಲಿರಲಿ), ನಂತರ ಶಾಯಿ ಬೆರೆಸಿದ ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಬೇಕು. ಸಲೈನ್ ಪೈಪಿನ ತುದಿ ಮಾತ್ರ ಮೇಲಿರಬೇಕು. ಮೊದಲನೆಯದರೊಳಗೆ ನೀಲಿ ನೀರು ಏರುತ್ತದೆ, ಎರಡನೆಯದು ಒಣಗಿರುತ್ತದೆ.

ಹಾಗೆಂದು ಪಾಠ ಯೋಜನೆಯಲ್ಲಿ ಬರೆದಿದ್ದೆ. ತರಗತಿಯಲ್ಲಿ ಎರಡನೆಯದರೊಳಗೂ ನೀಲಿ ಕಾಣಿಸಿತು. ಮುಚ್ಚಳದ ತೂತು ದೊಡ್ಡದಾಗಿತ್ತು. ನಾನು ಬೆವರುತ್ತಿರುವಾಗಲೇ ಮುಂದಿನ ಬೆಂಚಿನ ಹುಡುಗಿ, “ಸಾರ್, ಸೀಲ್ ಹೋಗಿದೆ” ಎಂದಳು. ಯೋಜನೆಯಲ್ಲಿ ಇಲ್ಲದ ಅಂಶ ಅವಳಿಂದ ಬಂತು: ಸೀಲ್ ಸವೆದಿದ್ದರೆ ಬ್ರೀದರ್ ಎಷ್ಟು ಎತ್ತರಕ್ಕೇರಿಸಿದರೂ ನೀರು ತಡೆಯುವುದಿಲ್ಲ. ರೀಫಿಲ್ ಸುತ್ತ ಮೇಣ ಹಚ್ಚಿ ಮತ್ತೆ ಮಾಡಿದೆವು; ಈ ಸಲ ಒಣಗಿಯೇ ಇತ್ತು. ಮೊದಲ ದಿನ ನಾನು ಹೇಳಿದ್ದು ಅರ್ಧ ಮಾತ್ರ ಸರಿ ಎಂದು ಹಲಗೆಯ ಮೇಲೂ ಬರೆದೆ.

ವಾರದ ನಂತರ ಆ ಹುಡುಗ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದ. ಚಿಕ್ಕಪ್ಪ ಮುಂದಿನ ಆಕ್ಸೆಲಿಗೆ ಪೈಪ್ ಹಾಕಿಸಿದ್ದಾರೆ, ಹಿಂದಿನದಕ್ಕೆ ಉದ್ದ ಸಾಲಲಿಲ್ಲ, ಸಲೈನ್ ಪೈಪ್ ಆಗುತ್ತದಾ ಎಂದು ಕೇಳಿದ. ಬೇಡ, ಅದು ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ, ರಬ್ಬರಿನದೇ ಇನ್ನೊಂದು ಪೈಪ್ ತರಿಸಲು ಹೇಳು ಎಂದೆ.