ಫ್ರೆಂಚ್ ವರ್ತಮಾನ ಕಾಲ: ಇಂಗ್ಲಿಷ್ ಬದಿಗಿಟ್ಟರೆ ಕನ್ನಡಿಗರಿಗೆ ಅರ್ಧ ದಾರಿ ಸಲೀಸು

ಪುಣೆ, ಚೆನ್ನೈ, ಹೈದರಾಬಾದ್‌ಗಳ ಅಲಿಯಾನ್ಸ್ ಫ್ರಾನ್ಸೆಸ್ ತರಗತಿಗೆ ಸೇರಿದವರಿರಲಿ, ಕೆನಡಾ ವಲಸೆಗೆಂದು ಟಿಇಎಫ್ ಪರೀಕ್ಷೆಗೆ ಮನೆಯಲ್ಲೇ ಓದುವವರಿರಲಿ, ಫ್ರೆಂಚ್ ಕಲಿಯುವ ಹೆಚ್ಚಿನವರು ಮೊದಲು ಎಡವುವುದು ವರ್ತಮಾನ ಕಾಲದ ಕ್ರಿಯಾಪದಗಳಲ್ಲಿ. ಒಂದೊಂದು ಕ್ರಿಯಾಪದಕ್ಕೂ ಆರು ರೂಪ ಎಂದು ಕೇಳಿದೊಡನೆ ಕೆಲವರು ಪುಸ್ತಕ ಮುಚ್ಚಿಬಿಡುತ್ತಾರೆ.

ಆದರೆ ಮಾತಾಡುತ್ತೇನೆ, ಮಾತಾಡುತ್ತೀಯ, ಮಾತಾಡುತ್ತಾರೆ ಎನ್ನುವ ಕನ್ನಡಿಗರಿಗೆ ಇದು ಹೊಸತೇನಲ್ಲ. ಕನ್ನಡದಲ್ಲಂತೂ ಅವನು, ಅವಳು, ಅದು ಎಂಬುದಕ್ಕೂ ಬೇರೆ ಬೇರೆ ಪ್ರತ್ಯಯಗಳಿವೆ. ಫ್ರೆಂಚ್ ಅಷ್ಟು ದೂರ ಹೋಗುವುದಿಲ್ಲ. 'ಪಾರ್ಲೇ' ಅಂದರೆ ಮಾತಾಡು. ನಾನು, ನೀನು, ಅವನು, ಅವರು, ಈ ನಾಲ್ಕಕ್ಕೂ ಉಚ್ಚಾರ ಒಂದೇ: 'ಪಾರ್ಲ್'. ಬರೆಯುವಾಗ ಕೊನೆಯ ಅಕ್ಷರಗಳು ಬದಲಾಗುತ್ತವೆ, ಕಿವಿಗೆ ಕೇಳುವುದಿಲ್ಲ. ನಾವು ಎಂದಾಗ 'ಪಾರ್ಲೋಂ', ನೀವು ಎಂದಾಗ 'ಪಾರ್ಲೇ'. ಹಾಗಾಗಿಯೇ ಕನ್ನಡದಂತೆ 'ನಾನು' ಬಿಟ್ಟು ಬರೀ 'ಮಾತಾಡುತ್ತೇನೆ' ಎಂದರೆ ಅಲ್ಲಿ ನಡೆಯದು. ಸರ್ವನಾಮ ಬೇಕೇ ಬೇಕು.

ತೊಂದರೆ ಶುರುವಾಗುವುದು ಇಂಗ್ಲಿಷ್ ಮೂಲಕ ಕಲಿಯುವಾಗ. 'ಐ ಆ್ಯಮ್ ಸ್ಪೀಕಿಂಗ್' ಎಂಬುದನ್ನು ಪದಕ್ಕೆ ಪದ ಹಾಕಿ 'ಝ ಸ್ವಿ ಪಾರ್ಲೇ' ಎನ್ನುವವರು ಬಹಳ. ಇದು ತಪ್ಪು. ದಿನವೂ ಮಾತಾಡುತ್ತೇನೆ ಎನ್ನಲೂ, ಈಗ ಮಾತಾಡುತ್ತಿದ್ದೇನೆ ಎನ್ನಲೂ 'ಝ ಪಾರ್ಲ್' ಸಾಕು. ನಾಳೆ ಹೊರಡುತ್ತೇನೆ ಎಂದು ನಾವು ವರ್ತಮಾನದಲ್ಲೇ ಹೇಳಿಬಿಡುವಂತೆ ಫ್ರೆಂಚರೂ ಹೇಳುತ್ತಾರೆ.

'ಐದು ವರ್ಷದಿಂದ ಪುಣೆಯಲ್ಲಿದ್ದೇನೆ' ಎಂಬ ವಾಕ್ಯ ನೋಡಿ. ಇಂಗ್ಲಿಷ್‌ನಲ್ಲಿ ಇದಕ್ಕೆ 'ಹ್ಯಾವ್ ಬೀನ್' ಬೇಕು. ಫ್ರೆಂಚ್‌ನಲ್ಲಿ ಸಾದಾ ವರ್ತಮಾನ, ಜತೆಗೆ ನಮ್ಮ 'ಇಂದ'ದಂತೆ ಕೆಲಸ ಮಾಡುವ 'ದೆಪ್ವಿ'. ವಯಸ್ಸಿನ ವಿಷಯವೂ ಅಷ್ಟೇ. ನನಗೆ ಇಪ್ಪತ್ತು ವರ್ಷ, ನನಗೆ ಹಸಿವು ಎನ್ನುವ ಕಡೆ ಫ್ರೆಂಚರು ವರ್ಷವನ್ನೂ ಹಸಿವನ್ನೂ 'ಹೊಂದಿದ್ದೇನೆ' ಎನ್ನುತ್ತಾರೆ. ಇಂಗ್ಲಿಷ್‌ನ 'ಆ್ಯಮ್' ಇಲ್ಲಿ ದಾರಿ ತಪ್ಪಿಸುತ್ತದೆ.

ಇನ್ನು ಮರ್ಯಾದೆ. 'ತು' ಅಂದರೆ ನೀನು, 'ವೂ' ಅಂದರೆ ನೀವು. ಅಪರಿಚಿತರಿಗೆ, ಸಂದರ್ಶನ ನಡೆಸುವವರಿಗೆ 'ವೂ' ಎನ್ನಬೇಕೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಡವುವುದು ಬೇರೆ ಕಡೆ. ಮೇಷ್ಟ್ರು ಬರುತ್ತಾರೆ, ಅಪ್ಪ ಹೇಳುತ್ತಾರೆ ಎಂದು ಒಬ್ಬರಿಗೇ ಬಹುವಚನ ಹಚ್ಚುವ ಅಭ್ಯಾಸ ಅಲ್ಲಿ ಸಲ್ಲದು. ಮೇಷ್ಟ್ರು ಎಷ್ಟೇ ದೊಡ್ಡವರಾದರೂ ಏಕವಚನವೇ, ಅದರಲ್ಲಿ ಅಗೌರವ ಏನೂ ಇಲ್ಲ.

ಬಾಯಿಪಾಠಕ್ಕೆ ಬೇರೆ ಉಪಾಯವಿಲ್ಲದವು ಇರು, ಹೊಂದು, ಹೋಗು, ಮಾಡು ಎಂಬ ಅರ್ಥದ ನಾಲ್ಕು ಕ್ರಿಯಾಪದಗಳು: ಎತ್ರ್, ಅವ್ವಾರ್, ಅಲೇ, ಫೇರ್. ಇವು ನಿಯಮಕ್ಕೆ ಬಗ್ಗುವುದಿಲ್ಲ, ದಿನದ ಮಾತಿಗೆ ಇವೇ ಹೆಚ್ಚು ಬೇಕು. ಇವುಗಳಲ್ಲೂ ಮೊದಲೆರಡನ್ನು ಕಿವಿಗೊಟ್ಟು ಕಲಿಯಬೇಕು. 'ಇಲ್ ಸೋಂ' ಅಂದರೆ ಅವರು ಇದ್ದಾರೆ, 'ಇಲ್ ಝೋಂ' ಅಂದರೆ ಅವರ ಬಳಿ ಇದೆ. ನಡುವಿನ ವ್ಯತ್ಯಾಸ ಸಕಾರ, ಝಕಾರದ್ದು ಮಾತ್ರ. ಅದೂ ನಮ್ಮ 'ಝರಿ'ಯ ಝ ಅಲ್ಲ, ಇಂಗ್ಲಿಷ್ 'ಝೂ'ದಲ್ಲಿ ಬರುವ ಸದ್ದು.