ನಿಮಗಿದು ಗೊತ್ತೆ? ಸೂಜಿ ಚುಚ್ಚಿದಲ್ಲಿ ಟೇಪು
2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅದು ಮಂಗನ ಕಾಯಿಲೆಯ ಕಾಲವೂ ಹೌದು. ಮನೆಮನೆಗೆ ನಡೆಯುವ ಆಶಾ ಕಾರ್ಯಕರ್ತೆಯರ ಹೆಗಲಿಗೆ ಕೋವಿಡ್ ಸೇರಿ ಎರಡು ರೋಗಗಳ ಹೊರೆ. ಅಂಗಡಿಯಲ್ಲಿ ಮಾಸ್ಕ್ ಸಿಗದ ಆ ದಿನಗಳಲ್ಲಿ ರಾಜ್ಯದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಮನೆಯ ಹೊಲಿಗೆ ಯಂತ್ರದಲ್ಲೇ ಬಟ್ಟೆಯ ಮಾಸ್ಕ್ ಹೊಲಿದರು. ಸಣ್ಣ ಸಹಾಯವಲ್ಲ ಅದು!

ಆದರೆ ಕೋವಿಡ್ ವಾರ್ಡಿನ ಪಿಪಿಇ ಎಂಬ ರಕ್ಷಣಾ ಉಡುಪಿಗೆ ಬರೀ ಹೊಲಿಗೆ ಸಾಲದು. ಸೂಜಿ ಚುಚ್ಚಿದ ಪ್ರತಿ ರಂಧ್ರವೂ ರಕ್ತ, ದ್ರವ ಒಳನುಸುಳುವ ದಾರಿ. ಅದಕ್ಕೇ ಹೊಲಿಗೆಯ ಮೇಲೆ ಬಿಸಿಗಾಳಿಯಿಂದ ಟೇಪು ಅಂಟಿಸುತ್ತಾರೆ. ಕೃತಕ ರಕ್ತ ತಾಗಿಸಿ ಪರೀಕ್ಷಿಸುತ್ತಾರೆ. ಕೋವಿಡ್‌ಗೆ ಮುನ್ನ ದೇಶದಲ್ಲಿ ಇಂಥ ಉಡುಪಿನ ತಯಾರಿಕೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಕೆಲವೇ ತಿಂಗಳಲ್ಲಿ ಬೆಂಗಳೂರು ಅದರ ದೊಡ್ಡ ಕೇಂದ್ರವಾಯಿತು.