ತಿಪ್ಪೆಯಿಂದ ತೋಪಿನವರೆಗೆ: ಮಾಹಿಮ್ ನಿಸರ್ಗ ಉದ್ಯಾನ ಕಲಿಸುವ ಪಾಠ

ಸಾಯನ್-ಬಾಂದ್ರಾ ಲಿಂಕ್ ರಸ್ತೆಯಲ್ಲಿ ಬಸ್ಸಿನಲ್ಲಿ ಸಾಗುವಾಗ ಧಾರಾವಿಯ ಮಗ್ಗುಲಲ್ಲಿ ದಟ್ಟವಾದ ಹಸಿರು ತೋಪೊಂದನ್ನು ನಾವು ಕಾಣುತ್ತೇವೆ. ಅದೇ ಮಹಾರಾಷ್ಟ್ರ ನಿಸರ್ಗ ಉದ್ಯಾನ. ಸುಮಾರು 37 ಎಕರೆಯ ಆ ಭೂಮಿ 1970ರ ದಶಕದಲ್ಲಿ ಮಹಾನಗರದ ಕಸ ಸುರಿಯುವ ತಾಣವಾಗಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಾರದು.

ಮೀಠಿ ನದಿಯ ಈ ದಂಡೆ ಚರಿತ್ರೆಯ ನೆಲವೂ ಹೌದು. ಮುಂಬಯಿ ದ್ವೀಪದ ಉತ್ತರದ ಗಡಿಯನ್ನು ಕಾಯಲು ಆಂಗ್ಲರು 1737ರಲ್ಲಿ ಕಟ್ಟಿಸಿದ ‘ಕಾಳಾ ಕಿಲ್ಲಾ’ ಧಾರಾವಿಯ ಮನೆಗಳ ನಡುವೆ ಇಂದಿಗೂ ಉಳಿದಿದೆ. ಕೋಟೆ ಕಟ್ಟಿ ಕಾಯ್ದ ದಂಡೆಯನ್ನೇ ನಗರವು ಮುಂದೆ ತಿಪ್ಪೆಯಾಗಿಸಿತು.

ಕಸ ಸುರಿಯುವುದನ್ನು ನಿಲ್ಲಿಸಿದೊಡನೆ ನೆಲ ಶುದ್ಧವಾಗುವುದಿಲ್ಲ. ಒಳಗೆ ಕೊಳೆಯುವ ತ್ಯಾಜ್ಯ ವರ್ಷಗಟ್ಟಲೆ ಮೀಥೇನ್ ಅನಿಲವನ್ನು ಸೂಸುತ್ತದೆ. ಅದರೊಳಗೆ ಇಳಿದ ಮಳೆನೀರು ವಿಷದ್ರವವಾಗಿ ಹೊರಹರಿಯುತ್ತದೆ. ರಾಶಿಯ ಮೇಲೆ ಮಣ್ಣು ಹರಡಿ, ಸಸಿ ನೆಟ್ಟು, ಉದುರಿದ ಎಲೆಯೇ ಗೊಬ್ಬರವಾಗುವವರೆಗೆ ತಾಳ್ಮೆಯಿಂದ ಕಾಯಬೇಕು. ಮಾಹಿಮ್‌ನಲ್ಲಿ ವಿಶ್ವ ವನ್ಯಜೀವಿ ನಿಧಿಯ ಭಾರತ ಶಾಖೆ ಇಂಥದೊಂದು ಉದ್ಯಾನದ ಕಲ್ಪನೆಯನ್ನು ಮುಂದಿಟ್ಟಿತು. ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅದನ್ನು ಕೈಗೂಡಿಸಿತು. ಪಕ್ಷಿತಜ್ಞ ಡಾ. ಸಲೀಂ ಅಲಿಯವರು 1983ರಲ್ಲಿ ಮೊದಲ ಸಸಿ ನೆಟ್ಟರು. 1994ರ ಎಪ್ರಿಲ್ 22ರಂದು ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ ಮಳೆನೀರಿನ ಕೊಳವಿದೆ, ಸಸಿಗಳ ಪಾಲನಾಕೇಂದ್ರವಿದೆ. ಶಾಲಾಮಕ್ಕಳು ಪ್ರಕೃತಿಪಾಠಕ್ಕೆ ಬರುತ್ತಾರೆ, ಚಿಟ್ಟೆಗಳನ್ನು ನೋಡಲು ಕುಟುಂಬಗಳು ಬರುತ್ತವೆ.

ಹೀಗೆ ಬಂದುಹೋಗುವ ಜನರೇ ಉದ್ಯಾನದ ನಿಜವಾದ ಕಾವಲು. 2018ರಲ್ಲಿ ಧಾರಾವಿ ಪುನರ್ವಿಕಾಸದ ಅಧಿಸೂಚಿತ ಪ್ರದೇಶದೊಳಗೆ ಉದ್ಯಾನವೂ ಸೇರಿದಾಗ ನಾಗರಿಕರು, ಪರಿಸರಪ್ರಿಯರು ದನಿಯೆತ್ತಿದರು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಉದ್ಯಾನ ಯೋಜನೆಯಿಂದ ಹೊರಗಿದೆ ಎಂದು ಅಧಿಕಾರಿಗಳು 2023ರಲ್ಲಿ ನ್ಯಾಯಾಲಯಕ್ಕೆ ತಿಳಿಸಬೇಕಾಯಿತು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಗೊತ್ತಿರುವ ಮಾತೊಂದಿದೆ: ಯಾರೂ ವಿಚಾರಿಸದ ಖಾತೆ ನಿಷ್ಕ್ರಿಯವಾಗುತ್ತದೆ. ಸಾರ್ವಜನಿಕ ಭೂಮಿಯ ಪಾಡೂ ಅದೇ.

ಈ ಪಾಠ ಈಗ ಹೆಚ್ಚು ಪ್ರಸ್ತುತ. ಮುಲುಂಡ್‌ನ ಕಸದ ತಾಣ 2018ರಲ್ಲಿ ಮುಚ್ಚಿತು. 1927ರಿಂದ ಕಸ ಹೊತ್ತ ದೇವನಾರ್‌ನಲ್ಲಿ 2016ರ ಜನವರಿಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಉಪನಗರಗಳನ್ನು ಕವಿದಿತ್ತು. ಅಲ್ಲಿನ ಸುಮಾರು 124 ಎಕರೆಯನ್ನು ಧಾರಾವಿ ಪುನರ್ವಿಕಾಸದ ವಸತಿಗಾಗಿ ನೀಡಲು ಸರಕಾರ 2024ರಲ್ಲಿ ನಿರ್ಧರಿಸಿತು. ಧಾರಾವಿಯಲ್ಲಿ ನಮ್ಮ ಭಾಷೆಯಾಡುವ ಕುಟುಂಬಗಳೂ ಇವೆ. ಒಂದು ತಿಪ್ಪೆ ತೋಪಾದುದನ್ನು ಕಂಡವರು ಇನ್ನೊಂದು ತಿಪ್ಪೆಯ ಮೇಲೆ ಬಾಳಬೇಕಾದೀತೆ?

ಜನರ ಸಹಭಾಗಿತ್ವವೆಂದರೆ ಉದ್ಘಾಟನೆಯ ದಿನ ಸಸಿ ನೆಡುವುದಷ್ಟೇ ಅಲ್ಲ. ಮಣ್ಣು, ಅನಿಲ, ಅಂತರ್ಜಲಗಳ ಪರೀಕ್ಷೆಯ ಫಲಿತಾಂಶ ಸ್ಥಳೀಯರಿಗೆ ಅರ್ಥವಾಗುವ ಭಾಷೆಯಲ್ಲಿ ಮೊದಲೇ ದೊರೆಯಬೇಕು. ಕಸ ಆಯ್ದು ಬದುಕುವವರ ಜೀವನೋಪಾಯದ ಪ್ರಶ್ನೆಗೂ ಯೋಜನೆಯಲ್ಲಿ ಉತ್ತರವಿರಬೇಕು. ಆಕ್ಷೇಪಣೆ ಸಲ್ಲಿಸುವುದು ವ್ಯರ್ಥವೆಂದು ಭಾವಿಸುವವರು 2015ನ್ನು ನೆನೆಯಲಿ: ಜನರ ವ್ಯಾಪಕ ವಿರೋಧದಿಂದಾಗಿ ಮುಂಬಯಿಯ ಅಭಿವೃದ್ಧಿ ಯೋಜನೆಯ ಕರಡನ್ನೇ ಆಗ ಮರಳಿ ಸಿದ್ಧಪಡಿಸಬೇಕಾಯಿತು.

ಉಪನಗರಗಳ ನಮ್ಮ ಸಂಘಗಳು ವಾರ್ಷಿಕೋತ್ಸವದ ಜೊತೆಗೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಮಾಹಿಮ್‌ನ ಈ ತೋಪಿಗೆ ಕರೆದೊಯ್ಯಲಿ. ಹೊಟ್ಟೆಪಾಡಿಗೆ ಬಂದ ನಮಗೆ ಈ ನಗರ ನೆಲೆ ಕೊಟ್ಟಿದೆ; ಅದರ ನೆಲವನ್ನು ಕಾಯುವುದು ನಮ್ಮ ಪಾಲಿನ ಋಣ.